ಗೆರೆಯ ಮೇಲಿಟ್ಟ ಹೆಬ್ಬೆರಳು

೨೦೧೯ನೆಯ ಇಸವಿ, ಜೂನ್ ಎಂಟು, ಶನಿವಾರ, ಬೆಳಿಗ್ಗೆ ಹತ್ತೂವರೆ ಗಂಟೆ.

ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಕಾಳಪ್ಪಾಚಾರ್ ಎಂಬ ಮರಗೆಲಸದ ಮೇಷ್ಟರಿದ್ದರು. ತರಬೇತಿ ಶಾಲೆಯೊಂದರಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿ ನಿವೃತ್ತರಾಗಿದ್ದರು. ಅವರ ತರಗತಿಯಲ್ಲಿ ಒಂದು ನಿಯಮವಿತ್ತು. ಹೊಸದಾಗಿ ಸೇರಿದವನು ಮೊದಲ ತಿಂಗಳು ಗರಗಸವನ್ನು ಮುಟ್ಟುವಂತಿರಲಿಲ್ಲ. ಮರದ ಹೊಟ್ಟನ್ನು ಗುಡಿಸಬೇಕು. ಹಿರಿಯರು ಗರಗಸದ ಹಲ್ಲು ಮಸೆಯುವುದನ್ನು ನೋಡುತ್ತ ಕೂರಬೇಕು. ಪ್ರತಿಯೊಂದು ಉಪಕರಣದ ಹೆಸರನ್ನೂ ಅದು ಮಾಡಬಲ್ಲ ಕೇಡನ್ನೂ ಬಾಯಿಪಾಠ ಒಪ್ಪಿಸಬೇಕು.

"ಅದು ನಿನಗೆ ಏನು ಮಾಡಬಲ್ಲದು ಎಂದು ಮೊದಲು ಹೇಳು. ಅದರಿಂದ ನೀನೇನು ಮಾಡುತ್ತೀ ಎಂದು ಆಮೇಲೆ ಕೇಳುತ್ತೇನೆ" ಎನ್ನುತ್ತಿದ್ದರು.

ಮಾದೇಶ ಅವರ ಹಳೆಯ ಶಿಷ್ಯ. ಕಲಿಯುತ್ತಿದ್ದ ಕಾಲದಲ್ಲಿ ಒಮ್ಮೆ ಯಾರನ್ನೂ ಕೇಳದೆ ರಂಧ್ರ ಕೊರೆಯುವ ಯಂತ್ರದ ಗುಂಡಿ ಒತ್ತಿದ್ದ. ಅದಕ್ಕೆ ಮೇಷ್ಟರು ಅವನನ್ನು ಒಂದು ವಾರ ಬಾಗಿಲ ಹೊರಗೆ ನಿಲ್ಲಿಸಿದ್ದರು. ಆ ವಾರದಿಂದಲೇ ತನ್ನ ಹತ್ತು ಬೆರಳೂ ಉಳಿದಿವೆ ಎಂದು ಅವನು ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ. ಈಗ ಅವನಿಗೆ ನಲವತ್ತು ದಾಟಿತ್ತು. ಓಡುವ ಸರಪಳಿಯ ಹಲ್ಲಿನಿಂದ ಮರ ಕೊಯ್ಯುವ ಚೈನ್ ಸಾ ಯಂತ್ರ ಇಟ್ಟುಕೊಂಡು ಊರಿನಲ್ಲಿ ಬಿದ್ದ ಮರಗಳನ್ನು ಕೊಯ್ದುಕೊಡುವುದು ಅವನ ಕಸುಬು.

ಆ ವಾರದ ಗಾಳಿಗೆ ಮೇಷ್ಟರ ಹಿತ್ತಲಿನ ಹಲಸಿನ ಮರ ಉರುಳಿತು. ಒಳ್ಳೆಯ ಮರ, ತಿರುಳು ಅರಿಸಿನದ ಬಣ್ಣ. ನಮ್ಮ ಚರ್ಚಿಗೆ ಬೈಬಲ್ ಇಡುವ ಪೀಠವೊಂದು ಬೇಕಾಗಿತ್ತು. ಬಳ್ಳಿ ಕೆತ್ತಿದ ಪೀಠವನ್ನು ಈ ಮರದಲ್ಲೇ ಮಾಡಿಕೊಡುವೆನೆಂದು ಮೇಷ್ಟರು ಒಪ್ಪಿಕೊಂಡಿದ್ದರು. ಅದು ತಮ್ಮ ಕೈಯ ಕೊನೆಯ ದೊಡ್ಡ ಕೆಲಸವಾಗಲಿ ಎಂಬುದು ಅವರ ಇಚ್ಛೆ. ನಮ್ಮ ಊರಿನಲ್ಲಿ ಅಂಥ ಕೆತ್ತನೆ ಬಲ್ಲ ಇನ್ನೊಂದು ಜೊತೆ ಕೈ ಇರಲಿಲ್ಲ.

ಮರವನ್ನು ತುಂಡು ಮಾಡಲು ಮಾದೇಶನನ್ನು ಕರೆಸಿದರು. ಅವನು ಯಂತ್ರದೊಡನೆ ಒಂದು ಚೀಲವನ್ನೂ ತಂದಿದ್ದ. ಅದರಿಂದ ತಲೆಗೆ ಹೆಲ್ಮೆಟ್, ಕಣ್ಣಿಗೆ ಜಾಲರಿ, ಕಿವಿಗೆ ಮುಚ್ಚಳ, ತೊಡೆಗೆ ದಪ್ಪನೆಯ ಕವಚ, ಕೈಗೆ ಗವಸು, ಎಲ್ಲವನ್ನೂ ಒಂದೊಂದಾಗಿ ತೆಗೆದು ತೊಟ್ಟುಕೊಂಡ.

"ಏನೋ ಮಾದೇಶ, ಮರ ಕೊಯ್ಯಲು ಬಂದೆಯೋ, ಜೇನು ಕೀಳಲು ಬಂದೆಯೋ?" ಎಂದರು ಮೇಷ್ಟರು.

ಎಲ್ಲರೂ ನಕ್ಕೆವು. ಮಾದೇಶನೂ ನಕ್ಕ. ಆದರೆ ಏನನ್ನೂ ಬಿಚ್ಚಲಿಲ್ಲ. ನಮ್ಮೆಲ್ಲರನ್ನೂ ಹದಿನೈದು ಅಡಿ ಆಚೆ ನಿಲ್ಲಿಸಿದ. ಯಂತ್ರವನ್ನು ನೆಲದ ಮೇಲಿಟ್ಟು, ಬ್ರೇಕ್ ಹಾಕಿದೆಯೇ ಎಂದು ನೋಡಿದ. ಹಿಂದಿನ ಹಿಡಿಯನ್ನು ಬಲಗಾಲಿನಿಂದ ಒತ್ತಿ ಹಿಡಿದು, ಆಮೇಲೆ ಚಾಲೂ ಮಾಡುವ ಹಗ್ಗ ಎಳೆದ. ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಎರಡು ದಪ್ಪ ಕೊಂಬೆಗಳನ್ನು ಕೊಯ್ದ. ಪ್ರತಿ ಸಲವೂ ಅಲಗಿನ ಬುಡದ ಭಾಗವೇ ಮರಕ್ಕೆ ತಾಗುತ್ತಿತ್ತು. ತುದಿ ಎಲ್ಲಿಯೂ ತಾಗಲಿಲ್ಲ.

ಮೇಷ್ಟರು ಇದನ್ನೆಲ್ಲ ನೋಡಿದರು. ನೋಡಿದ್ದನ್ನೇ ಕಲಿತದ್ದು ಎಂದುಕೊಂಡರು.

ಪೀಠಕ್ಕೆ ಬೇಕಾದ ತುಂಡನ್ನು ತಾವೇ ಕೊಯ್ಯುವುದಾಗಿ ಹೇಳಿ ಅವರು ಸೀಮೆಸುಣ್ಣದಿಂದ ಗೆರೆ ಎಳೆದರು. ತಮ್ಮ ಹಿತ್ತಲಿನ ಮರಕ್ಕೆ ತಮ್ಮ ಕೈ ತಾಗದೆ ಇರುವುದೆಂದರೇನು ಎಂಬುದು ಅವರ ಮಾತು. ಮಾದೇಶ ಯಂತ್ರವನ್ನು ಆರಿಸಿದ. ತಾನೇ ಮೂರು ದಿನ ಬರಿಯ ಸೌದೆ ತುಂಡುಗಳ ಮೇಲೆ ಅಭ್ಯಾಸ ಮಾಡಿದ್ದಾಗಿ ಹೇಳಿದ. ಇವತ್ತು ಬೇಡ, ನಾಳೆ ಸಣ್ಣ ತುಂಡುಗಳಿಂದ ಶುರು ಮಾಡೋಣ, ನಾನು ಪಕ್ಕದಲ್ಲಿರುತ್ತೇನೆ ಎಂದು ವಿನಯದಿಂದ ಕೇಳಿಕೊಂಡ.

"ಇದರ ತುದಿಯ ಮೇಲಂಚು ಮರಕ್ಕೆ ತಾಗಿದರೆ ಹಿಂದಕ್ಕೆ ಒದೆಯುತ್ತದೆ, ಮೇಷ್ಟ್ರೇ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಕೊಡುವುದಿಲ್ಲ."

ಪಕ್ಕದ ಮನೆಯ ನಾಗಭೂಷಣ, ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದವರು, ಅಷ್ಟಕ್ಕೆ ಸುಮ್ಮನಿರಲಿಲ್ಲ. ಆಚಾರ್ರ ಕೈಗೆ ಬಂದರೆ ಬೀಟೆ ಮರವೂ ಬೆಣ್ಣೆಯಾಗುತ್ತದೆ, ಇದಾವ ಲೆಕ್ಕ ಎಂದರು. ಅದರಿಂದ ಮೇಷ್ಟರ ಮುಖ ಬಿಗಿಯಿತು. ಹೊಗಳಿದವರ ಎದುರಿನಲ್ಲಿ ಹಿಂದೆ ಸರಿಯುವುದು ಮನುಷ್ಯನಿಗೆ ಕಷ್ಟ.

"ಗರಗಸ ಹಿಡಿಯುವುದನ್ನು ನಿನಗೆ ಯಾರು ಕಲಿಸಿದರೋ?" ಎಂದು ಕೇಳಿದರು.

"ನೀವೇ, ಮೇಷ್ಟ್ರೇ."

"ಹಾಗಾದರೆ ಕೊಡು."

ಮಾದೇಶ ಒಂದು ಕ್ಷಣ ನಿಂತ. ಮಕ್ಕಳೇ, ಆ ಕ್ಷಣವನ್ನು ಗಮನಿಸಿ. ತಪ್ಪೆಂದು ಅವನಿಗೆ ತಿಳಿದಿತ್ತು. ಆದರೆ ನಮ್ಮಲ್ಲಿ ಗುರು ಕೈ ಚಾಚಿದಾಗ ಶಿಷ್ಯ ಇಲ್ಲ ಎನ್ನುವ ಪದ್ಧತಿಯಿಲ್ಲ. ಅವನು ಯಂತ್ರವನ್ನು ಮತ್ತೆ ಚಾಲೂ ಮಾಡಿ, ಎರಡೂ ಕೈಯಿಂದ, ಪ್ರಸಾದ ಕೊಡುವಂತೆ ಕೊಟ್ಟ. ಹೆಲ್ಮೆಟ್ಟನ್ನೂ ಗವಸನ್ನೂ ನೀಡಿದ. ಗವಸು ತೊಟ್ಟರೆ ಮರದ ಮನಸ್ಸು ಬೆರಳಿಗೆ ತಿಳಿಯುವುದಿಲ್ಲ ಎಂದು ಮೇಷ್ಟರು ಅವುಗಳನ್ನು ತಳ್ಳಿಬಿಟ್ಟರು. ಪಂಚೆಯನ್ನು ಮಾತ್ರ ಮೇಲೆತ್ತಿ ಕಟ್ಟಿದರು. ಹಿತ್ತಲ ಬಾಗಿಲಿನಲ್ಲಿ ಮಜ್ಜಿಗೆಯ ತಂಬಿಗೆ ಹಿಡಿದು ನಿಂತಿದ್ದ ಅವರ ಪತ್ನಿ ವಿಶಾಲಾಕ್ಷಮ್ಮ ಬಾಯಿ ತೆರೆದರು. ನಾಲ್ಕು ಜನರ ಮುಂದೆ ಗಂಡನ ಮಾತಿಗೆ ಎದುರಾಡಿದವರಲ್ಲ ಅವರು. ತೆರೆದ ಬಾಯನ್ನು ಮುಚ್ಚಿಕೊಂಡರು.

ಕೈಗರಗಸದಿಂದ ಕೊಯ್ಯುವವನಿಗೆ ಒಂದು ಅಭ್ಯಾಸವಿರುತ್ತದೆ. ಎಡಗೈಯನ್ನು ಮರದ ಮೇಲೂರಿ, ಹೆಬ್ಬೆರಳನ್ನು ಗೆರೆಯ ಪಕ್ಕದಲ್ಲಿಡುತ್ತಾನೆ. ಆ ಬೆರಳಿಗೆ ಒರಗಿಸಿ, ಗರಗಸದ ತುದಿಯಿಂದ ಎರಡು ಸಲ ಮೆಲ್ಲಗೆ ಎಳೆದು ದಾರಿ ಮಾಡಿಕೊಳ್ಳುತ್ತಾನೆ. ಆಮೇಲೆ ಗರಗಸ ಜಾರುವುದಿಲ್ಲ. ಈ ಅಭ್ಯಾಸವನ್ನು ಕಾಳಪ್ಪಾಚಾರ್ ಎಂಟನೆಯ ವಯಸ್ಸಿನಲ್ಲಿ ತಮ್ಮ ತಂದೆಯಿಂದ ಕಲಿತಿದ್ದರು. ನೂರಾರು ಜನರಿಗೆ ಕಲಿಸಿದ್ದರು.

ಅವರು ಅದನ್ನೇ ಮಾಡಿದರು. ಯಂತ್ರದ ಮುಂದಿನ ಹಿಡಿಯಿಂದ ಎಡಗೈ ತೆಗೆದರು. ಹೆಬ್ಬೆರಳನ್ನು ಗೆರೆಯ ಪಕ್ಕದಲ್ಲಿಟ್ಟರು. ಬಲಗೈ ಒಂದರಿಂದಲೇ, ಓಡುತ್ತಿದ್ದ ಸರಪಳಿಯ ತುದಿಯನ್ನು ಗೆರೆಗೆ ತಾಗಿಸಿದರು.

ಮಾದೇಶ ಕೂಗಿದ. ಆ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.

ಯಂತ್ರ ಒದೆಯಿತು. ಒಂದೇ ಕೈಯ ಹಿಡಿತದಲ್ಲಿ ಅದು ಹೊರಳಿ ಕೆಳಗೆ ಬಂದದ್ದು ಮರದ ಮೇಲಿದ್ದ ಎಡಗೈಗೆ. ಅಷ್ಟೇ. ನಾನು ಇದಕ್ಕಿಂತ ಹೆಚ್ಚಾಗಿ ಬರೆಯುವುದಿಲ್ಲ.

ಮೈಸೂರಿನ ವೈದ್ಯರು ಎರಡು ಬೆರಳುಗಳನ್ನು ಉಳಿಸಿಕೊಟ್ಟರು. ಅವು ಮಡಿಸಲು ಬರುವುದಿಲ್ಲ. ಹೆಬ್ಬೆರಳು ಉಳಿಯಲಿಲ್ಲ. ಹೆಬ್ಬೆರಳಿಲ್ಲದ ಎಡಗೈ ಉಳಿಯನ್ನು ಹಿಡಿಯಲಾರದು.

ಬೀದಿಯವರು ತಪ್ಪನ್ನು ಮಾದೇಶನ ಮೇಲೆ ಹೊರಿಸಿದರು. ವಯಸ್ಸಾದವರ ಕೈಗೆ ಅಂಥ ಯಂತ್ರವನ್ನು ಕೊಡಬಹುದೇ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೇಳಿದವರು ನಾಗಭೂಷಣ. ಮಾದೇಶನನ್ನು ಕೆಲಸಕ್ಕೆ ಕರೆಯುವವರು ಕಡಿಮೆಯಾದರು.

ಒಂಬತ್ತನೆಯ ದಿನ ಅವನು ಆಸ್ಪತ್ರೆಗೆ ಹೋದ. ವಿಶಾಲಾಕ್ಷಮ್ಮನವರ ಜೊತೆಗೆ ನಾನೂ ಅಲ್ಲಿ ಇದ್ದೆ. ಅವನು ಮಂಚದ ಕಾಲಿನ ಬಳಿ ನಿಂತ. ಹುಡುಗನಾಗಿದ್ದಾಗ ತರಗತಿಯ ಬಾಗಿಲ ಹೊರಗೆ ಹೀಗೆಯೇ ನಿಂತಿದ್ದನೇನೋ. ತಪ್ಪಾಯಿತು ಎಂದ. ಮೇಷ್ಟರು ಬಟ್ಟೆ ಸುತ್ತಿದ ತಮ್ಮ ಕೈಯನ್ನು ನೋಡಿಕೊಂಡರು.

"ಅದು ನನಗೆ ಏನು ಮಾಡಬಲ್ಲದು ಎಂದು ನೀನು ಹೇಳಿದೆ. ನಾನು ಕೇಳಲಿಲ್ಲ" ಎಂದರು.

ಆಮೇಲೆ ಹೇಳಿದರು: "ನಿನಗೆ ನಾನು ಎಲ್ಲವನ್ನೂ ಕಲಿಸಿದೆ, ಮಾದೇಶ. ನನಗೇ 'ಬೇಡ' ಎಂದು ಹೇಳುವುದೊಂದನ್ನು ಕಲಿಸಲಿಲ್ಲ."

ಮಾದೇಶ ಅವರ ಕಾಲು ಮುಟ್ಟಲು ಬಗ್ಗಿದ. ಮೇಷ್ಟರು ಕಾಲನ್ನು ಎಳೆದುಕೊಂಡರು. ಅದು ಕೋಪವಲ್ಲ, ನಾಚಿಕೆ ಎಂದು ನನಗೆ ಆಗ ತಿಳಿಯಲಿಲ್ಲ.

ಹಲಸಿನ ಮರ ಎರಡು ಮಳೆಗಾಲ ಹಿತ್ತಲಿನಲ್ಲಿಯೇ ಬಿದ್ದಿತ್ತು. ಅದರ ಮೇಲಿದ್ದ ಸೀಮೆಸುಣ್ಣದ ಗೆರೆ ಮೊದಲ ಮಳೆಗೇ ಅಳಿಸಿಹೋಯಿತು. ಮರವನ್ನು ಗೆದ್ದಲು ತಿಂದಿತು. ಚರ್ಚಿನಲ್ಲಿ ಈಗ ಇರುವುದು ಅಂಗಡಿಯಿಂದ ತಂದ ಪ್ಲೈವುಡ್ ಪೀಠ. ಪೀಠ ಚರ್ಚಿನ ಹಬ್ಬಕ್ಕೆ ಮುಂಚೆ ಆಗಬೇಕೆಂದು ಆ ಬೆಳಿಗ್ಗೆ ಮೇಷ್ಟರನ್ನು ಎರಡು ಸಲ ಅವಸರಪಡಿಸಿದವಳು ನಾನು. ಮಾದೇಶನ ಮಾತು ಸರಿ ಎಂದು ನನಗೆ ಹೊಳೆದಿತ್ತು. ನಾನು ಬಾಯಿ ಬಿಡಲಿಲ್ಲ.

ನೀತಿ: ಹೊಸ ಆಯುಧದ ಮುಂದೆ ಹಳೆಯ ಕುಶಲಿಯೂ ಹೊಸಬನೇ; ಅವನ ಹಳೆಯ ಅಭ್ಯಾಸವೇ ಅವನ ಮೊದಲ ಶತ್ರು. ಕಲಿಯದೆ ಮುಟ್ಟಬೇಡ. ತೊಡಬೇಕಾದುದನ್ನು ತೊಡದೆ ಮುಟ್ಟಬೇಡ. ನೀನು ಬಲ್ಲವನಾದರೆ, ಕೇಳಿದವನು ಗುರುವೇ ಆಗಿರಲಿ, ಕೊಡಬೇಡ. ಕೇಡನ್ನು ಕಂಡೂ ಮರ್ಯಾದೆಯ ನೆಪದಿಂದ ಸುಮ್ಮನಿರುವವರೆಲ್ಲ ಆ ಕೇಡಿನಲ್ಲಿ ಪಾಲುದಾರರು.

ಅಂದು ಹಿತ್ತಲಿನಲ್ಲಿ ಇದ್ದವರು: ಕಾಳಪ್ಪಾಚಾರ್, ಮಾದೇಶ, ವಿಶಾಲಾಕ್ಷಮ್ಮ, ನಾಗಭೂಷಣ, ಮತ್ತು ಇದನ್ನು ಬರೆದಿರುವ ಜಸಿಂತಾ ಮೇರಿ.