ಕೆಂಡದವ್ವನ ದಿಬ್ಬ

ಸಾಸಲಬೆಂಚಿಯ ಅಗಸಿಬಾಗಿಲನ್ನು ಬಳಸಿಕೊಂಡು ಬಡಗಣ ದಿಕ್ಕಿಗೆ ನಡೆದರೆ, ಕಲ್ಲು ತೆಗೆದು ತೆಗೆದು ಈಗ ನೀರು ನಿಂತಿರುವ ಹಳೆಯ ಗಣಿಯ ಪಕ್ಕದಲ್ಲಿ ಒಂದು ದಿಬ್ಬ ಸಿಗುತ್ತದೆ. ಗುಡ್ಡವೆಂದು ಕರೆಯುವಷ್ಟು ಎತ್ತರವೇನಿಲ್ಲ. ಏರುವಾಗ ಏದುಸಿರು ಬರುವುದು ನನ್ನಂಥ ಮುದುಕರಿಗೆ ಮಾತ್ರ. ನೆತ್ತಿಯ ಮೇಲೆ ಕಲ್ಲಿನಲ್ಲಿ ಕಡೆದ ದೊಡ್ಡದೊಂದು ಅಗ್ಗಿಷ್ಟಿಕೆ, ಅದರ ಸುತ್ತ ಕೂರುವುದಕ್ಕೆಂದು ಹಾಕಿದ ಚಪ್ಪಟೆ ಕಲ್ಲುಗಳು, ಹಿಂದೆ ಆಳೆತ್ತರದ ಗುಡಿ. ಇದೇ ಕೆಂಡದವ್ವನ ದಿಬ್ಬ. ಹೆಸರು ಕೇಳಿದವರೆಲ್ಲ ಇಲ್ಲಿ ಕೆಂಡ ಹಾಯುತ್ತಾರೆಂದು ತಿಳಿದು, ಯಾವ ತಿಂಗಳು, ಯಾವ ತಿಥಿ ಎಂದು ವಿಚಾರಿಸುತ್ತಾರೆ. ಈ ದಿಬ್ಬದಲ್ಲಿ ಯಾರೂ ಯಾವತ್ತೂ ಕೆಂಡ ಹಾಯ್ದಿಲ್ಲ. ದೇವಿ ಇಲ್ಲಿ ರಕ್ಕಸನೊಬ್ಬನನ್ನು ಸುಟ್ಟಳೆಂದು ಪಂಡಿತರೊಬ್ಬರು ಭಾಷಣ ಮಾಡಿದ್ದನ್ನು ನಾನೇ ಮುಂದೆ ಕೂತು ಕೇಳಿದ್ದೇನೆ. ಜನ ಚಪ್ಪಾಳೆ ತಟ್ಟಿದರು. ರಕ್ಕಸರಿಗೆ ಇಲ್ಲಿ ಕೆಲಸವೇ ಇರಲಿಲ್ಲ ಸ್ವಾಮಿ. ಇಲ್ಲಿ ನಡೆದದ್ದನ್ನೆಲ್ಲ ಒಳ್ಳೆಯ ಮನುಷ್ಯರೇ ಕೂಡಿಕೊಂಡು ಮಾಡಿದರು.

ಹಿಂದೆ ಒಮ್ಮೆ, ಪಾಳೆಯಗಾರರು ಇನ್ನೂ ಕೋಟೆ ಕಟ್ಟಿಸುತ್ತಿದ್ದ ಕಾಲದಲ್ಲಿ, ಸಾಸಲಬೆಂಚಿ ಕಲ್ಲುಕುಟಿಗರ ಊರಾಗಿತ್ತು ಎನ್ನುತ್ತಾರೆ. ಇಲ್ಲಿಯ ಬೀಸುವ ಕಲ್ಲಿಗೆ ಸುತ್ತಲ ಸೀಮೆಯಲ್ಲಿ ಹೆಸರಿತ್ತು. ಆದರೆ ಕಲ್ಲು ಅನ್ನವನ್ನೂ ಕೊಡುತ್ತಿತ್ತು, ಆಯುಷ್ಯವನ್ನೂ ತಿನ್ನುತ್ತಿತ್ತು. ಉಳಿಯ ಬಾಯಿಂದ ಏಳುವ ದೂಳು ಗಂಡಸರ ಎದೆಗಿಳಿದು, ಮೀಸೆ ನರೆಯುವ ಮೊದಲೇ ಅವರು ಕೆಮ್ಮಿ ಕೆಮ್ಮಿ ಸಾಯುತ್ತಿದ್ದರು. ಹೆಂಗಸರು ಮಾತ್ರ ಗಟ್ಟಿಮುಟ್ಟಾಗಿ ಎಂಬತ್ತು ದಾಟುತ್ತಿದ್ದರು. ಹೀಗಾಗಿ ಊರ ಕೆಳಗೇರಿಯ ತುಂಬ ಒಂಟಿ ಮುದುಕಿಯರು. ಗಂಡ ಕಟ್ಟಿಸಿಟ್ಟು ಹೋದ ಒಂದಂಕಣದ ಕಲ್ಲುಮನೆ, ಮೂಲೆಯಲ್ಲಿ ಅವನೇ ಕಡೆದ ಬೀಸುವ ಕಲ್ಲು, ಅದರ ಮುಂದೆ ಆಕೆ. ಬೇರೆ ಊರುಗಳಲ್ಲಿ ಹೆಂಗಸರು ಬೀಸುವುದಕ್ಕೆಂದು ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದರು. ಎದುರುಬದುರು ಕೂತು ಒಂದೇ ಗೂಟ ಹಿಡಿದು ಹಾಡುತ್ತಿದ್ದರು, ಅತ್ತೆಯರನ್ನು ಬೈಯುತ್ತಿದ್ದರು. ಸಾಸಲಬೆಂಚಿಯಲ್ಲಿ ಮನೆಗೊಂದು ಕಲ್ಲಿದ್ದುದರಿಂದ ಯಾರಿಗೂ ಯಾರ ಹಂಗೂ ಇರಲಿಲ್ಲ. ಹಂಗಿಲ್ಲದ ಕಡೆ ಹೊಕ್ಕು ಬಳಕೆಯೂ ಇರುವುದಿಲ್ಲ. ಆ ಕೇರಿಯಲ್ಲಿದ್ದ ದ್ಯಾವವ್ವ ಎಂಬ ಮುದುಕಿ ಬೀಸುವ ಕಲ್ಲಿನ ಮುಂದೆ ಕೂತಲ್ಲೇ ಜೀವ ಬಿಟ್ಟಳು. ನಾತ ಬೀದಿಗೆ ಬರುವತನಕ ಯಾರಿಗೂ ತಿಳಿಯಲಿಲ್ಲ.

ಊರು ನಾಚಿತು. ಕಟ್ಟೆಯ ಮೇಲೆ ಹಿರಿಯರು ಸೇರಿದರು. ಒಬ್ಬರು ಕಾವಲಿನವನನ್ನು ಇಡೋಣವೆಂದರು, ಇನ್ನೊಬ್ಬರು ದಿನಾ ಗಂಟೆ ಬಾರಿಸೋಣವೆಂದರು. ಆಗ ಹೆಂಗಸರ ಗುಂಪಿನಿಂದ ಸಂಕವ್ವ ಎದ್ದು ನಿಂತಳು ಎನ್ನುತ್ತಾರೆ. ಮಕ್ಕಳಿಲ್ಲದ ವಿಧವೆ, ಕಡ್ಡಿ ಮುರಿದಂತೆ ಮಾತಾಡುವವಳು, ದ್ಯಾವವ್ವನ ಪಕ್ಕದ ಮನೆಯವಳು. ನಡುಗೋಡೆಯ ಆಚೆ ಬೀಸುವ ಸದ್ದು ನಿಂತದ್ದು ಆಕೆಗೆ ಕೇಳಿಸಿತ್ತು. ಹಿಟ್ಟು ಸಾಕಾಗಿರಬೇಕೆಂದುಕೊಂಡು ಸುಮ್ಮನಾಗಿದ್ದಳು. ಅಂದಿನಿಂದ ಆಕೆಯನ್ನು ಕಾಡಿದ್ದು ಒಂದೇ ಹೆದರಿಕೆ: ತಾನೂ ಹಾಗೆಯೇ, ಯಾರಿಗೂ ಗೊತ್ತಾಗದಂತೆ ಸಾಯಬಾರದು. ಹಿರಿಯರ ಮುಂದೆ ಆಕೆ ಹೇಳಿದ್ದು ಯಾರೂ ಎಣಿಸದ ಮಾತು. "ಮನಿ ಮನಿಗೆ ಬೀಸೂ ಕಲ್ಲ ಕೊಟ್ಟು ನಮ್ಮನ್ನ ಬ್ಯಾರೆ ಮಾಡೀರಿ. ಈಗ ಒಲಿ ಆರಿಸ್ರಿ. ನಾವು ಮುದುಕೇರು ದಿನಾ ಒಲಿಗೆ ನೀರ ಹಾಕತೀವಿ. ದಿಬ್ಬದ ಮ್ಯಾಲೆ ಒಂದ ಬೆಂಕಿ ಇರಲಿ. ಹೊತ್ತ ಇಳಿಯೂ ಮುಂದ ಎಲ್ಲಾರೂ ಏರಿ ಹೋಗಿ ಅಲ್ಲಿಂದನ ಕೆಂಡ ತರಬೇಕು. ಯಾಕಿ ಬರಲಿಲ್ಲೋ ಆಕಿ ಮನಿಗೆ ಉಳಿದಾಕೇರು ಹೋಗಬೇಕು."

ಸಭೆ ಬೆಚ್ಚಿತು. ಒಲೆಗೆ ನೀರು ಹಾಕುವುದು ಸಾವಿನ ಮನೆಯ ಲಕ್ಷಣ. ಕಲ್ಲುಕುಟಿಗರ ಹಿರಿಯ ಬಿಷ್ಟಪ್ಪ, "ಅಪಶಕುನ ಆಕ್ಕೈತಲ್ಲ ಸಂಕವ್ವಾ" ಎಂದ. "ನಮ್ಮ ಮನ್ಯಾಗ ಸಾವು ಬಂದು ಉಂಡು ಹೋಗೇತಿ ಬಿಷ್ಟಣ್ಣ. ಇನ್ನ ಯಾವ ಶಕುನ ನೋಡೋಣು?" ಎಂದಳು ಆಕೆ. ಬಿಷ್ಟಪ್ಪನೇ ಮುಂದೆ ನಿಂತು ಕೆಮ್ಮುತ್ತ ಅಗ್ಗಿಷ್ಟಿಕೆ ಕಡೆದ, ಕೂರಲು ಕಲ್ಲು ಹಾಸಿದ. ಊರ ಸೊಸೆಯಂದಿರು ಸರದಿಯ ಮೇಲೆ ಬೆಂಕಿಗೆ ಸಗಣಿಯ ಕುಳ್ಳು ಹೊತ್ತರು. ಕುಂಬಾರರು ಒಡೆದ ಗಡಿಗೆಗಳ ಬೋಕಿಗಳನ್ನು ಕೆಂಡ ಒಯ್ಯಲೆಂದು ತಂದು ರಾಶಿ ಹಾಕಿದರು. ಒಂದು ಊರು ಮನಸ್ಸು ಮಾಡಿದರೆ ಏನೆಲ್ಲ ಆಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ನನಗೆ ಗೊತ್ತಿಲ್ಲ. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ, ಮುಂದಿನದನ್ನು ನೆನೆದರೆ ಕುಸಿಯುತ್ತದೆ.

ಕೆಲವು ವರ್ಷ ಆ ದಿಬ್ಬ ಗಲಗಲ ಎನ್ನುತ್ತಿತ್ತಂತೆ. ಮುದುಕಿಯರು ಕೆಂಡಕ್ಕೆಂದು ಬಂದು ಕೆಂಡವನ್ನೇ ಮರೆತು ಕೂರುತ್ತಿದ್ದರು. ಜಗಳಗಳೂ ಆದವು; ಮಾತಾಡಲು ಜನ ಸಿಕ್ಕಮೇಲೆ ಜಗಳವಾಡಲೂ ಸಿಕ್ಕಂತೆ. ಕರಿಯವ್ವ ಎಂಬಾಕೆಗೂ ಸಂಕವ್ವನಿಗೂ ಬೂದಿ ಕೆದಕುವ ಕಡ್ಡಿಯ ವಿಷಯಕ್ಕೆ ದಿನವೂ ಹತ್ತಿಕೊಳ್ಳುತ್ತಿತ್ತು. ಒಂದು ದಿನ ಕರಿಯವ್ವ ಬಾರದಿದ್ದಾಗ ಮೊದಲು ದಿಬ್ಬ ಇಳಿದು ಓಡಿದವಳು ಸಂಕವ್ವ. ಜ್ವರದಲ್ಲಿ ಮೈಮರೆತಿದ್ದವಳನ್ನು ಎತ್ತಿ ಕೂರಿಸಿ, ಗಂಜಿ ಕುಡಿಸಿ, "ಸಾಯಬ್ಯಾಡ, ನಾಳಿ ಜಗಳಕ್ಕ ಯಾರನ್ನ ಹುಡುಕಲಿ?" ಎಂದಳಂತೆ. ಕರಿಯವ್ವ ಬದುಕಿದಳು. ಆ ವರ್ಷಗಳಲ್ಲಿ ಕೆಳಗೇರಿಯಲ್ಲಿ ಸಾವುಗಳಾಗಲಿಲ್ಲವೆಂದಲ್ಲ. ಯಾರೂ ಒಂಟಿಯಾಗಿ ಸಾಯಲಿಲ್ಲ.

ಸಂಕವ್ವನ ಮೊಣಕಾಲು ಕೈಕೊಟ್ಟದ್ದು ಆಮೇಲೆ. ಆಕೆ ಅರ್ಧ ದಾರಿಯಲ್ಲಿ ಕಲ್ಲು ಹಿಡಿದು ಕೂತಿದ್ದನ್ನು ಊರ ಗೌಡನ ಹೆಂಡತಿ, ಗೌಡಶಾನಿ ತುಂಗವ್ವ ಕಂಡಳು. ತುಂಗವ್ವ ಕೆಟ್ಟವಳಲ್ಲ, ಕೆಟ್ಟವಳಾಗಿದ್ದರೆ ಈ ಕಥೆ ಹೇಳುವುದು ನನಗೆ ಸುಲಭವಾಗುತ್ತಿತ್ತು. ಆಕೆಯ ಕಣ್ಣಲ್ಲಿ ನೀರು ಬಂತು. "ಯವ್ವಾ, ಊರಿಗೆ ಬೆಂಕಿ ಕೊಟ್ಟಾಕಿ ನೀನು. ನೀನು ಯಾಕ ಏರಿ ಬರಬೇಕು? ನಾಳಿಂದ ನಿನ್ನ ಬಾಗಲಕ್ಕ ಕೆಂಡ ಬರತೈತಿ" ಎಂದಳು. ಸಂಕವ್ವ ಬೇಡವೆಂದಳು. ಒತ್ತಾಯ ಮಾಡಿದಾಗ, "ನನಗ ಕೆಂಡ ಯಾಕ ಬೇಕವ್ವಾ, ನಿಮ್ಮ ಮಾರಿ ನೋಡಬೇಕು. ಬೇಕಾದ್ರ ನನ್ನ ಹೊತಗೊಂಡು ಹೋಗಿ ಅಲ್ಲಿ ಕುಂದರಿಸ್ರಿ" ಎಂದಳು. ದೊಡ್ಡವರ ಸಂಕೋಚ ಇದು ಎಂದುಕೊಂಡು ಎಲ್ಲರೂ ನಕ್ಕರು. ಮರುದಿನದಿಂದ ಸರದಿಯಂತೆ ಒಬ್ಬೊಬ್ಬ ಸೊಸೆ ಬೋಕಿಯಲ್ಲಿ ಕೆಂಡ ತಂದು ಆಕೆಯ ಹೊಸ್ತಿಲ ಹೊರಗೆ ಇಡತೊಡಗಿದಳು. ಕೆಂಡ ಹಿಡಿದವರು ಪರರ ಹೊಸ್ತಿಲು ದಾಟಬಾರದು, ಕೈಯಿಂದ ಕೈಗೆ ಕೊಡಬಾರದು, ದಾರಿಯಲ್ಲಿ ನಿಂತು ಮಾತಾಡಬಾರದು ಎಂಬ ಕಟ್ಟಳೆ ಈ ಸೀಮೆಯಲ್ಲಿ ಮೊದಲಿನಿಂದಲೂ ಇತ್ತು. ದಿಬ್ಬದಿಂದ ತಮ್ಮ ತಮ್ಮ ಮನೆಗೆ ಒಯ್ಯುವಾಗ ಆ ಕಟ್ಟಳೆ ಯಾರಿಗೂ ಅಡ್ಡಿಯಾಗಿರಲಿಲ್ಲ. ಈಗ ಬಂದವಳು ಬೋಕಿ ಇಟ್ಟು, ಕೈಮುಗಿದು, ಬಂದ ದಾರಿಯಲ್ಲೇ ಹೋಗುತ್ತಿದ್ದಳು.

ಗೌರವಕ್ಕೆ ಅಂಟುಜಾಡ್ಯದ ಗುಣವಿದೆ. ಸಂಕವ್ವನ ಬಾಗಿಲಿಗೆ ಕೆಂಡ ಹೋಗುವುದನ್ನು ಕಂಡ ಉಳಿದ ಮುದುಕಿಯರಿಗೆ ತಮ್ಮ ಮೊಣಕಾಲೂ ನೋಯುತ್ತಿರುವುದು ನೆನಪಾಯಿತು. ಅವರ ಸಂಬಂಧಿಕರಿಗೂ, ನಮ್ಮ ಅಜ್ಜಿಯೇನು ಕಡಿಮೆಯೇ ಎನಿಸಿತು. ಬಾಗಿಲಿಗೆ ಕೆಂಡ ಬರುವ ಮನೆ ಮರ್ಯಾದೆಯ ಮನೆಯಾಯಿತು. ದಿಬ್ಬ ಏರಿ ಹೋಗುವವಳು ಯಾರಿಗೂ ಬೇಡವಾದವಳು ಎಂಬ ಮಾತು ಹುಟ್ಟಿತು. ಕೊನೆಗೆ ಕರಿಯವ್ವ ಒಬ್ಬಳೇ ಹೋಗಿ ಕೂತು, ಜಗಳಕ್ಕೂ ಜನ ಕಾಣದೆ, ತಾನೂ ಮನೆ ಹಿಡಿದಳು. ಇತ್ತ ಊರಿಗೆ ಬಲು ಸಮಾಧಾನ. ಹೊತ್ತು ಇಳಿಯುವಾಗ ಕೆಳಗೇರಿಯ ಪ್ರತಿ ಹೊಸ್ತಿಲ ಮೇಲೂ ಒಂದೊಂದು ಬೋಕಿ ಕೆಂಪಗೆ ಹೊಳೆಯುತ್ತಿತ್ತಂತೆ, ನೋಡಲು ದೀಪಾವಳಿಯಂತೆ ಇತ್ತಂತೆ. ಪಕ್ಕದ ಊರಿನವರು ಬಂದು ನೋಡಿ, ಮುದುಕರನ್ನು ಕಂಡರೆ ಹೀಗೆ ಕಾಣಬೇಕು ಎಂದು ಹೊಗಳಿ ಹೋದರು.

ಒಳಗೆ ಕೂತಿದ್ದ ಸಂಕವ್ವನಿಗೆ ಹಳೆಯ ಹೆದರಿಕೆ ಮರಳಿ ಬಂದಿತ್ತು. ಆಕೆ ತಾನು ಹಾಕಿದ ಕಟ್ಟಳೆಯನ್ನೇ ನಂಬಿದಳು: ಕೆಂಡ ಒಯ್ಯದವಳ ಮನೆಗೆ ಉಳಿದವರು ಹೋಗಬೇಕು. ಒಂದು ಸಂಜೆ ಬೋಕಿಯನ್ನು ಒಳಗೆ ತೆಗೆದುಕೊಳ್ಳದೆ ಬಿಟ್ಟಳು. ನಡುಗೋಡೆಗೆ ಈಗ ಕರಿಯವ್ವನ ಮನೆ ಅಂಟಿಕೊಂಡಿತ್ತು. ದ್ಯಾವವ್ವ ಹೋದ ಮೇಲೆ ಆಕೆ ಅಲ್ಲಿಗೆ ಬಂದಿದ್ದಳು. ಈಚೆ ಒಲೆ ಊದುವ ಸದ್ದು ಕೇಳದೆ ಗೋಡೆಯ ಆಚೆಯಿಂದ ಆಕೆ ಕೂಗಿ ಕೇಳಿದಳಂತೆ, "ಸಂಕೀ, ಕೆಂಡ ತಗೊಂಡಿಲ್ಲೇನ?" "ಇಲ್ಲ. ನೋಡೋಣು, ಯಾರು ಬರತಾರ." "ಹುಚ್ಚಿ, ಕೂಗಿ ಕರಿ, ಬರತಾರ." "ಕರದ ಮ್ಯಾಲೆ ಬಂದ್ರ ಅದು ಬಂದಂಗೇನ?" ಎಂದಳು ಸಂಕವ್ವ. ಕರಿಯವ್ವನಿಗೆ ಆಗ ಸೊಂಟ ಬಿದ್ದು, ತನ್ನ ಹೊಸ್ತಿಲ ತನಕ ತೆವಳಿದರೇ ಹೆಚ್ಚಾಗಿತ್ತು. ಗೋಡೆಯ ಆಚೆ ಈಚೆ ಆ ಇಬ್ಬರ ಕಡೆಯ ಮಾತು ಅದೇ ಎನ್ನುತ್ತಾರೆ.

ಮರುದಿನ ಬಂದ ಸೊಸೆ ಹೊಸ್ತಿಲ ಮೇಲೆ ಬೂದಿ ತುಂಬಿದ ಬೋಕಿಯನ್ನು ಕಂಡಳು. ಕೆಂಡ ಮುಟ್ಟಿದರೂ ಕೊನೆಗೆ ಉಳಿಯುವುದು ಬೂದಿಯೇ, ಮುಟ್ಟದಿದ್ದರೂ ಬೂದಿಯೇ. ಅವ್ವ ಒಲೆ ಹೊತ್ತಿಸಿಕೊಂಡು ಬೋಕಿಯನ್ನು ಹೊರಗಿಟ್ಟಿದ್ದಾಳೆ, ಎಷ್ಟು ಅಚ್ಚುಕಟ್ಟು ಎಂದುಕೊಂಡು ಹಳೆಯದನ್ನು ತೆಗೆದು ಹೊಸದನ್ನು ಇಟ್ಟು ಹೋದಳು. ಅದರ ಮರುದಿನ ಸರದಿ ಇನ್ನೊಬ್ಬಳದು. ಆಕೆಯೂ ಹಾಗೆಯೇ ಮಾಡಿದಳು. ಒಲೆ ಹೊತ್ತದ ಮನೆಯಲ್ಲಿ, ಉಣ್ಣದೆ, ಬಾಗಿಲನ್ನೇ ನೋಡುತ್ತ ಆಕೆ ಎಷ್ಟು ದಿನ ಇದ್ದಳೋ ಯಾರಿಗೂ ತಿಳಿಯದು. ಅತ್ತ ಗೋಡೆಯಾಚೆಯ ಕರಿಯವ್ವ ಸಂಕಿಯ ಸದ್ದಿಲ್ಲವೆಂದು ಕೂಗಿಕೊಂಡದ್ದೂ ಯಾರ ಕಿವಿಗೂ ಬೀಳಲಿಲ್ಲ, ಕೆಂಡ ತಂದವರು ನಿಲ್ಲುವಂತಿರಲಿಲ್ಲವಲ್ಲ. ಸಂಕವ್ವ ಸತ್ತ ಮೇಲೂ ಆಕೆಯ ಬಾಗಿಲಿಗೆ ಕೆಂಡ ಬರುತ್ತಲೇ ಇತ್ತು. ಒಂದು ದಿನವೂ ಸರದಿ ತಪ್ಪಲಿಲ್ಲ. ಮತ್ತೆ ನಾತವೇ ಊರಿಗೆ ಸುದ್ದಿ ತಂದಿತು. ಒಳಗೆ ಹೋದವರಿಗೆ ಆಕೆ ಬಾಗಿಲಿಗೆ ಮುಖ ಮಾಡಿ ಕೂತಿದ್ದಂತೆಯೇ ಸಿಕ್ಕಳು.

ತುಂಗವ್ವ ಎದೆ ಬಡಿದುಕೊಂಡು ಅತ್ತಳು. ಊರೂ ಅತ್ತಿತು. ಸುಳ್ಳು ಅಳುವಲ್ಲ ಅದು. ಆದರೆ ಅತ್ತ ಮೇಲೆ ಏನು ಮಾಡಿದರು? ಉಳಿದ ಮುದುಕಿಯರನ್ನು ಕೈಹಿಡಿದು ಮತ್ತೆ ದಿಬ್ಬದ ಬೆಂಕಿಯ ಸುತ್ತ ಕರೆತರಬಹುದಿತ್ತು. ಕರಿಯವ್ವ ಇನ್ನೂ ಬದುಕಿದ್ದಳು. ಗೋಡೆಯ ಆಚೆಗೆ ಹೋಗಿ ಒಂದು ಗಳಿಗೆ ಕೂರಬಹುದಿತ್ತು. ಹಾಗೆ ಮಾಡಲಿಲ್ಲ. ಸಂಕವ್ವನನ್ನು ದೇವರು ಮಾಡಿದರು. ಗುಡಿ ಕಟ್ಟಲು ಊರಿಗೆ ಊರೇ ಕಲ್ಲು ಹೊತ್ತಿತು, ಕೆಂಡದವ್ವ ಎಂದು ಹೆಸರಿಟ್ಟಿತು, ದಿಬ್ಬಕ್ಕೂ ಅದೇ ಹೆಸರು ನಿಂತಿತು. ಮನುಷ್ಯರ ಜೊತೆ ಕೂರುವುದಕ್ಕಿಂತ ದೇವರಿಗೆ ಕೈಮುಗಿಯುವುದು ಎಂದೂ ಸುಲಭ. ಕರಿಯವ್ವ ಯಾವಾಗ ಸತ್ತಳೆಂದು ಯಾರೂ ನೆನಪಿಟ್ಟಿಲ್ಲ.

ಈಗಲೂ ಮಂಗಳವಾರ ಹೊತ್ತು ಇಳಿಯುವಾಗ ಬಂದರೆ, ಸರದಿಯ ಮನೆಯ ಹೆಣ್ಣುಮಗಳೊಬ್ಬಳು ಬೋಕಿಯಲ್ಲಿ ಕೆಂಡ ತರುವುದನ್ನು ನೀವು ನೋಡಬಹುದು. ಗುಡಿಯ ಹೊಸ್ತಿಲ ಹೊರಗೆ ಇಟ್ಟು, ಕೈಮುಗಿದು, ತಿರುಗಿ ನೋಡದೆ ಇಳಿದು ಹೋಗುತ್ತಾಳೆ. ಹೋದ ವರ್ಷ ಒಬ್ಬಾಕೆಯನ್ನು ತಡೆದು, "ತಂಗೀ, ಒಂದು ಗಳಿಗೆ ಕೂತು ಹೋಗು, ಆಕೆ ಕೇಳಿದ್ದು ಅದನ್ನೇ" ಎಂದೆ. ಆಕೆ ಗಾಬರಿಯಾದಳು. "ಕೆಂಡ ತಂದಾಕಿ ಕುಂದರಬಾರದ್ರೀ ಅಜ್ಜಾರ, ಅವ್ವಗ ಸಿಟ್ಟ ಬರತೈತಿ" ಎಂದು ಸೆರಗು ಸರಿಪಡಿಸಿಕೊಂಡು ಹೊರಟೇ ಹೋದಳು. ನಾನು ಆ ಚಪ್ಪಟೆ ಕಲ್ಲಿನ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ, ಮಾತಾಡಲು ಯಾರೂ ಇರಲಿಲ್ಲ. ಗುಡಿಗೆ ಬಾಗಿಲಿಲ್ಲ, ಬಗ್ಗಿದರೆ ಒಳಗೆ ಪೂರ್ತಿ ಕಾಣುತ್ತದೆ. ದೇವರಾದ ಮೇಲೂ ಆಕೆಯ ಹೊಸ್ತಿಲನ್ನು ಒಬ್ಬರೂ ದಾಟಿಲ್ಲ. ಒಳಗಿನ ನೆಲದ ಮೇಲೆ ಬೆರಳುದ್ದ ದೂಳು ಕೂತಿದೆ, ಅದರಲ್ಲಿ ಇಲಿಯ ಹೆಜ್ಜೆ ಬಿಟ್ಟರೆ ಇನ್ನೊಂದಿಲ್ಲ.