ಸೀಸ ತಾಳುವಷ್ಟು ಮದ್ದು

"ಗುರುಗಳೇ, ಅನ್ಯಾಯದ ಎದುರು ನಿಂತವನ ದನಿ ಎಷ್ಟು ದೊಡ್ಡದಿರಬೇಕು?"

ಕೇಳಿದವನು ಶಿಷ್ಯ ಚೆನ್ನವೀರ. ಕೇಳುವಾಗಲೂ ಅವನ ಗಂಟಲು ಒಡೆದಿತ್ತು. ಮಠದ ಬಾವಿಗೆ ಗೋಡೆ ಕಟ್ಟಿಸಿಕೊಟ್ಟ ಸಾಹುಕಾರನೊಬ್ಬ, ಇಟ್ಟಿಗೆಗೂಡಿನ ಆಳುಗಳು ಇನ್ನು ಆ ನೀರು ಮುಟ್ಟಕೂಡದೆಂದು ಗೋಡೆಯ ಬಾಗಿಲಿಗೆ ಬೀಗ ಹಾಕಿಸಿದ್ದ. ಹಿಂದಿನ ದಿನ ಅದರ ಬಗ್ಗೆ ಸಭೆ ಸೇರಿತ್ತು. ಗುರುಗಳು ಪರವೂರಿನಲ್ಲಿದ್ದರು. ಚೆನ್ನವೀರ ಎದ್ದು ನಿಂತು ಕೂಗಿದ. ಕೂಗಿ ಕೂಗಿ ದನಿ ಬಿದ್ದುಹೋಯಿತು. ಸಭೆಯವರು ಅವನ ಕೂಗಿನ ಬಗ್ಗೆಯೇ ಮಾತಾಡಿಕೊಂಡು ಎದ್ದು ಹೋದರು. ಬೀಗ ಹಾಗೆಯೇ ಉಳಿಯಿತು. ಮಠದ ಪೂಜೆಗೆ ನೀರು ಬೇಕಲ್ಲ, ಅದಕ್ಕೆಂದು ಬೀಗದ ಕೈಯನ್ನು ದಿನವೂ ನೀರು ತರುವ ಚೆನ್ನವೀರನಿಗೇ ಒಪ್ಪಿಸಿದ್ದರು. ಬೆಳಿಗ್ಗೆ ಅವನು ನೀರು ಸೇದಿ ತಂದು, ಊರಿಗೆ ಮರಳಿದ ಗುರುಗಳ ಸ್ನಾನಕ್ಕೆ ಇಟ್ಟು, ಈಗ ಅವರ ಎದುರು ಬಂದು ಕುಳಿತಿದ್ದ.

"ನನ್ನ ದನಿ ಸಾಲಲಿಲ್ಲವೇ? ಇನ್ನೂ ಜೋರಾಗಿ ಕೂಗಬೇಕಿತ್ತೇ?" ಎಂದ.

ಗುರುಗಳು ಈ ಕತೆ ಹೇಳಿದರು.

ಬೆಟ್ಟದ ನಾಡಿನಲ್ಲಿ ಒಬ್ಬ ರೈತನಿದ್ದ. ಮೊದಲು ಸೈನಿಕನಾಗಿದ್ದವನು. ಸೈನ್ಯ ತನಗೆ ಬೇಡವಾದ ಹಳೆಯ ಕೋವಿಗಳನ್ನು ಮಾರಿದಾಗ ಅವನೂ ಒಂದನ್ನು ಕೊಂಡು ತಂದಿದ್ದ. ಯಾವುದೋ ಯುದ್ಧ ನೋಡಿ ಬಂದ ಕೋವಿ ಅದು. ಕಾಡಂಚಿನ ತನ್ನ ಗದ್ದೆಯನ್ನು ಹಂದಿಗಳಿಂದ ಅದರಲ್ಲೇ ಕಾಯುತ್ತಿದ್ದ. ಹೆಂಡತಿಗೂ ಗುರಿ ಹಿಡಿಯುವುದನ್ನು ಕಲಿಸಿದ್ದ. ಒಂದು ವರ್ಷ ಜ್ವರ ಬಂದು ಅವನು ತೀರಿಕೊಂಡ.

ಆ ನಾಡಿನಲ್ಲಿ ಒಂದು ಕಟ್ಟುಪಾಡಿತ್ತು. ಕಾಡಂಚಿನ ಗದ್ದೆ ಅದನ್ನು ಕಾಯಬಲ್ಲ ಮನೆಯದು. ಕಾಯಬಲ್ಲರೋ ಇಲ್ಲವೋ ಎಂಬುದನ್ನು ವರ್ಷಕ್ಕೊಮ್ಮೆ ಕೋವಿಪೂಜೆಯ ದಿನ ಊರ ಮುಂದೆ ತೋರಿಸಬೇಕು. ಮರದ ಕೊಂಬೆಗೆ ತೆಂಗಿನಕಾಯಿ ಕಟ್ಟುತ್ತಾರೆ. ಮೂರು ಗುಂಡಿನೊಳಗೆ ಕಾಯಿ ಬೀಳಬೇಕು. ಬೀಳದಿದ್ದರೆ ಕೋವಿಯೂ ಗದ್ದೆಯೂ ಆ ಮನೆಗೆ ಹತ್ತಿರದ ಗಂಡಸಿನ ಪಾಲು. ಇಲ್ಲಿ ಹತ್ತಿರದ ಗಂಡಸು ಎಂದರೆ ಸತ್ತವನ ಅಣ್ಣ.

ಅಣ್ಣ ಪೂಜೆಯ ದಿನದವರೆಗೆ ಕಾಯುವ ಆಸಾಮಿಯಲ್ಲ. ತಮ್ಮನ ತಿಥಿ ಮುಗಿಯುತ್ತಲೇ ಬಂದು ಜಗಲಿಯ ಮೇಲೆ ಕುಳಿತ.

"ನೋಡಮ್ಮ, ಗದ್ದೆ ನಿಂದೇ ಇರ್ಲಿ. ಕೋವಿ ಮಾತ್ರ ನಂಗೆ ಕೊಟ್ಬಿಡು. ಹೆಂಗಸರ ಕೈಗೆ ಅದೆಲ್ಲ ಯಾಕೆ?"

ಕೋವಿ ಹೋದ ಮೇಲೆ ಗದ್ದೆ ಎಲ್ಲಿ ಉಳಿದೀತು? ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗಿತ್ತು ಅವನ ಮಾತು. ಅವಳು ಗೋಡೆಯ ಮೇಲಿದ್ದ ಕೋವಿಯನ್ನು ಇಳಿಸಿದಳು. ಕೊಡುತ್ತಾಳೆಂದು ಅವನು ಕೈ ಚಾಚಿದ. ಅವಳು ಅದನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಎಣ್ಣೆ ಬಟ್ಟೆಯಿಂದ ಒರೆಸತೊಡಗಿದಳು.

"ಕೊಡಲ್ಲ ಭಾವ" ಎಂದಳು. ಅಷ್ಟೇ.

ಕೊಡುವುದಿಲ್ಲ ಎಂದದ್ದೇನೋ ಸರಿ, ಆದರೆ ಹೊಡೆಯುವುದಕ್ಕೆ ಗುಂಡಿರಲಿಲ್ಲ. ಗಂಡ, ಗುಂಡು ಹಾರಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟೆಗಳನ್ನು ಕೂಡಿಟ್ಟು, ತಾನೇ ಮದ್ದು ತುಂಬಿ, ತಾಮ್ರ ಹೊದಿಸಿದ ಗುಂಡನ್ನು ಅಂಗಡಿಯಿಂದ ತಂದು ಕೂರಿಸುತ್ತಿದ್ದ. ಅವಳು ಪೇಟೆಗೆ ಹೋಗಿ ವ್ಯಾಪಾರಿಯನ್ನು ಕೇಳಿದಳು. ಮದ್ದು ಇದೆ, ಅದಕ್ಕೆ ಕಿಡಿ ಹೊತ್ತಿಸುವ ಕೇಪು ಇದೆ, ಈ ಕೋವಿಯ ಗುಂಡು ಮಾತ್ರ ಬರುವುದು ನಿಂತುಹೋಯಿತು ಎಂದ. ಗೋಡೆಗೆ ತೂಗುಹಾಕಿದರೆ ನೋಡುವುದಕ್ಕೆ ಚೆನ್ನಾಗಿರುತ್ತದೆ ಎಂದೂ ಪುಕ್ಕಟೆಯಾಗಿ ಹೇಳಿ ಕಳಿಸಿದ. ಆ ಮಾತು ಅವಳಿಗೆ ಕೋವಿಯ ಬಗ್ಗೆ ಆಡಿದಂತೆ ಕೇಳಿಸಲಿಲ್ಲ. ದಾರಿಯುದ್ದಕ್ಕೂ ಅವಳ ಮೈ ಉರಿಯುತ್ತಿತ್ತು.

ಮನೆಗೆ ಬಂದವಳು ಗಂಡ ಮೀನು ಹಿಡಿಯುತ್ತಿದ್ದ ಹರಿದ ಬೀಸುಬಲೆಯನ್ನು ಅಟ್ಟದಿಂದ ಇಳಿಸಿ, ಅದರ ಅಂಚಿಗೆ ಪೋಣಿಸಿದ್ದ ಸೀಸವನ್ನೆಲ್ಲ ಬಿಚ್ಚಿದಳು. ಕಮ್ಮಾರನಿಂದ ಒಂದು ಅಚ್ಚು ಮಾಡಿಸಿದಳು. ಗುಂಡು ನಳಿಗೆಯ ತೂತಿಗಿಂತ ಕೂದಲೆಳೆಯಷ್ಟು ದಪ್ಪ ಇರಬೇಕು, ಇಲ್ಲದಿದ್ದರೆ ಬೆಂಕಿ ಪಕ್ಕದಿಂದ ನುಗ್ಗುತ್ತದೆ ಎಂದು ಕಮ್ಮಾರನೇ ಎಚ್ಚರಿಸಿದ್ದ, ಹಾಗೆಯೇ ಮಾಡಿಸಿದಳು. ಹಳೆಯ ಸೌಟಿನಲ್ಲಿ ಸೀಸ ಕರಗಿಸಿ ಅಚ್ಚಿಗೆ ಹೊಯ್ದಳು. ತಣಿದ ಗುಂಡುಗಳಿಗೆ ಜೇನುಮೇಣ ಸವರಿದಳು. ಗಂಡ ಮದ್ದು ಅಳೆಯುತ್ತಿದ್ದ ಕೊಂಬಿನ ಅಳತೆ ಪೆಟ್ಟಿಗೆಯಲ್ಲೇ ಇತ್ತು. ಅದನ್ನು ಕಣ್ಣಿಗೊತ್ತಿಕೊಂಡು, ಅದರ ತುಂಬ ಮದ್ದು ಅಳೆದು ತೋಟೆಗೆ ಸುರಿದಳು.

ಗುಡ್ಡದ ಮಗ್ಗುಲಿಗೆ ಹಲಗೆ ನಿಲ್ಲಿಸಿ ಹೊಡೆದಳು. ಕೋವಿ ಗಂಡ ಇದ್ದಾಗಿನಂತೆಯೇ ಗರ್ಜಿಸಿತು. ಎದುರು ಬೆಟ್ಟ ಆ ಸದ್ದನ್ನು ತಿರುಗಿ ಹೇಳಿತು. ಅವಳಿಗೆ ಅಳು ಬಂತು. ಹಲಗೆಯಲ್ಲಿ ಮಾತ್ರ ಒಂದು ಗೀರೂ ಇರಲಿಲ್ಲ. ಮತ್ತೆ ಹೊಡೆದಳು. ಈ ಸಲ ಗುಂಡು ಅಡ್ಡಡ್ಡಲಾಗಿ ಹೋಗಿ ಹಲಗೆಯ ಮೂಲೆಯನ್ನು ಸೀಳಿತು. ಎಷ್ಟು ಹೊಡೆದರೂ ಅಷ್ಟೇ. ಸದ್ದು ಕೇಳಿ ಬಂದ ಊರವರು ಬೇಲಿಯಾಚೆ ನಿಂತು ನಕ್ಕರು. ದಂಡಿನ ಕೋವಿ ಸೀಸ ತಿನ್ನುವುದಿಲ್ಲ ಎಂದರು. ಗಂಡ ಇದ್ದಾಗ ಅದು ಹಂದಿ ಕೆಡವಿದ್ದನ್ನು ಅವಳು ನೆನಪಿಸಿದರೆ, ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂದರು. ಆಡಿಕೊಳ್ಳುವವರ ಬಾಯಿಗೆ ಬೀಗ ಉಂಟೇ?

ಅವರು ಹೋದ ಮೇಲೆ ಅವಳು ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದಳು. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ಗೆರೆಗಳಿರುತ್ತವೆ. ಗುಂಡು ಅವನ್ನು ಹಿಡಿದು ತಿರುಗುತ್ತ ಹೊರಟರೆ ನೇರ ಹೋಗುತ್ತದೆ. ಆ ಗೆರೆಗಳ ತುಂಬ ಸೀಸ ಮೆತ್ತಿಕೊಂಡಿತ್ತು. ಗುಂಡು ಹೊಸಿಲು ದಾಟುವ ಮೊದಲೇ ಮನೆಯೊಳಗೆ ಅರ್ಧ ಸವೆದುಹೋಗಿತ್ತು. ಅವಳು ಇಡೀ ಮಧ್ಯಾಹ್ನ ಕೂತು ಅದನ್ನು ಕೆರೆದು ತೆಗೆದಳು.

ಸಂಜೆ ಶಾವಿಗೆ ಒತ್ತಲು ಕುಳಿತಳು. ಕೈಯಲ್ಲಿ ಇನ್ನೂ ಸಿಟ್ಟಿತ್ತು. ಒರಳಿನ ಹಿಡಿಯನ್ನು ಮೈಯ ಬಲವನ್ನೆಲ್ಲ ಬಿಟ್ಟು ಒತ್ತಿದಳು. ಹಿಟ್ಟು ಎಳೆಯಾಗಿ ಕೆಳಗಿಳಿಯುವ ಬದಲು ಪಕ್ಕದಿಂದ ಮೇಲಕ್ಕೆ ಉಕ್ಕಿ ಅವಳ ಕೈಗೇ ಮೆತ್ತಿಕೊಂಡಿತು. ಅವಳು ಕೈಯನ್ನು ನೋಡಿದಳು. ಗೋಡೆಗೆ ಒರಗಿಸಿದ್ದ ಕೋವಿಯನ್ನು ನೋಡಿದಳು. ಎದ್ದು ಕೈ ತೊಳೆದು, ಗಂಡನ ಕೊಂಬಿನ ಅಳತೆಯನ್ನು ಎತ್ತಿಕೊಂಡಳು.

ತಾಮ್ರ ಹೊದ್ದ ಗುಂಡು ತಾಳುತ್ತಿದ್ದ ಮದ್ದನ್ನು ಬರಿಯ ಸೀಸ ತಾಳುವುದಿಲ್ಲ. ಇಷ್ಟು ತಿಳಿಯಿತು. ಆದರೆ ಅಳತೆ ಗಂಡನದು. ಅದನ್ನು ಕಡಿಮೆ ಮಾಡುವುದೆಂದರೆ ಗಂಡನನ್ನೇ ಕಡಿಮೆ ಮಾಡಿದಂತೆ ಅವಳಿಗೆ ಅನ್ನಿಸಿತು. ಬಹಳ ಹೊತ್ತು ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕುಳಿತಿದ್ದಳು. ಕೊನೆಗೆ, 'ಅವರ ಸದ್ದು ಬೇಕೋ, ಅವರ ಗದ್ದೆ ಬೇಕೋ?' ಎಂದು ತನ್ನನ್ನೇ ಕೇಳಿಕೊಂಡಳು. ಅಳತೆಯನ್ನು ಪೆಟ್ಟಿಗೆಯಲ್ಲಿ ಇಟ್ಟು ಮುಚ್ಚಿದಳು. ಒಂದು ಸಣ್ಣ ಬಿದಿರಿನ ತುಂಡಿನಿಂದ ಬೇರೆ ಅಳತೆ ಮಾಡಿಕೊಂಡಳು.

ಆಮೇಲೆ ಅವಳು ಹೊಡೆಯುವುದು ಊರಿಗೆ ಕೇಳಿಸಲಿಲ್ಲ. ಸೋತು ಸುಮ್ಮನಾದಳು ಎಂದು ಭಾವ ತಿಳಿದ. ಕಾಡಂಚಿನ ಗದ್ದೆಗೆ ಹೋಗಿ ಬದುವಿನ ಮೇಲೆ ಓಡಾಡಿಕೊಂಡು ಬಂದ. ಬರುವ ವರ್ಷ ಯಾವ ಬತ್ತ ಬಿತ್ತಬೇಕೆಂದು ಊರಲ್ಲಿ ನಾಲ್ಕು ಜನರ ಸಲಹೆಯನ್ನೂ ಕೇಳಿದ.

ಕೋವಿಪೂಜೆಯ ದಿನ ಬಂತು. ಮನೆಮನೆಯ ಗಂಡಸರು ತಂತಮ್ಮ ಕೋವಿಗೆ ಹೂ ಮುಡಿಸಿ ಮೈದಾನಕ್ಕೆ ತಂದರು. ಒಬ್ಬೊಬ್ಬರು ಹೊಡೆದಾಗಲೂ ಬೆಟ್ಟ ನಡುಗಿತು, ನೆರೆದವರು ಕೇಕೆ ಹಾಕಿದರು. ಕೊನೆಗೆ ಅವಳು ಎದ್ದು ಬಂದಳು. ಸೆರಗು ಸಿಕ್ಕಿಸಿ, ಕೋವಿಯ ಬುಡವನ್ನು ಹೆಗಲಿಗೊತ್ತಿ, ಉಸಿರು ಹಿಡಿದು ಬೆರಳಲ್ಲಿ ಕುದುರೆ ಎಳೆದಳು.

ಪಟ್ ಎಂದಿತು. ಕಡಲೆ ಹುರಿಯುವಾಗ ಒಂದು ಕಾಳು ಸಿಡಿದ ಹಾಗೆ.

ಜನ ಗೊಳ್ಳೆಂದು ನಕ್ಕರು. ಆ ನಗುವಿನ ನಡುವೆ ಕಾಯಿ ಎರಡು ಹೋಳಾಗಿ ಹುಲ್ಲಿನ ಮೇಲೆ ಬಿತ್ತು. ನಗು ನಿಲ್ಲುವುದಕ್ಕೆ ಸ್ವಲ್ಪ ಹೊತ್ತು ಬೇಕಾಯಿತು.

ಭಾವ ಮುಂದೆ ಬಂದ. ಅವನ ಮುಖ ಕೆಂಪಾಗಿತ್ತು.

"ಇದನ್ನ ಯಾರಾದ್ರೂ ಗುಂಡು ಹೊಡೆಯೋದು ಅಂತಾರಾ? ನನ್ನ ತಮ್ಮ ಹೊಡೆದ್ರೆ ಎದುರು ಬೆಟ್ಟಕ್ಕೆ ಕೇಳಿಸ್ತಿತ್ತು. ಇದು ಕೆಮ್ಮಿದ ಹಾಗಿದೆ. ಇಂಥದ್ದು ಕಟ್ಟುಪಾಡಿಗೆ ಸಲ್ಲೋದಿಲ್ಲ" ಎಂದು ಊರ ಹಿರಿಯರತ್ತ ತಿರುಗಿ ಕೂಗಿದ.

"ಎದುರು ಬೆಟ್ಟಕ್ಕೆ ನಾನು ಹೊಡೀಲಿಲ್ಲ ಭಾವ" ಎಂದಳು ಅವಳು. "ಕಾಯಿಗೆ ಕೇಳಿಸ್ತು. ಸಾಕು."

ಕಟ್ಟುಪಾಡಿನಲ್ಲಿ ಕಾಯಿಯ ಮಾತಿತ್ತೇ ಹೊರತು ಸದ್ದಿನ ಮಾತಿರಲಿಲ್ಲ. ಆದರೂ ಹೌದೆನ್ನಲು ಹಿರಿಯರಲ್ಲಿ ಯಾರಿಗೂ ನಾಲಗೆ ಏಳಲಿಲ್ಲ. ಅವಳು ಅವರ ಬಾಯಿ ನೋಡುತ್ತ ನಿಲ್ಲಲಿಲ್ಲ. ಖಾಲಿ ತೋಟೆಯನ್ನು ಹೊರಗೆಳೆದು ಮಡಿಲಿಗೆ ಹಾಕಿಕೊಂಡಳು. ಇನ್ನೊಂದು ತೋಟೆ ಏರಿಸಿದಳು.

"ಅನುಮಾನ ಇದ್ರೆ ಇನ್ನೊಂದು ಕಾಯಿ ಕಟ್ಟಿ" ಎಂದಳು.

ಯಾರೂ ಕಟ್ಟಲಿಲ್ಲ. ಅವಳು ಕೋವಿಯನ್ನು ಹೆಗಲಿಗೇರಿಸಿ, ಮನೆಯ ದಾರಿ ಬಿಟ್ಟು, ಊರೆಲ್ಲ ನೋಡುತ್ತಿದ್ದ ಹಾಗೆಯೇ ಕಾಡಂಚಿನ ಗದ್ದೆಯ ದಾರಿ ಹಿಡಿದಳು. ಆ ವರ್ಷದ ಬತ್ತ ಅವಳ ಕಣಜಕ್ಕೇ ಬಂತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರನ ಕಣ್ಣು ಹೊಳೆಯುತ್ತಿತ್ತು.

"ತಿಳಿಯಿತು ಗುರುಗಳೇ. ಸದ್ದು ಮುಖ್ಯವಲ್ಲ. ನಾನು ಕೂಗಬಾರದಿತ್ತು. ಮುಂದಿನ ಸಭೆಯಲ್ಲಿ ಮೆಲ್ಲಗೆ, ಒಪ್ಪುವ ಹಾಗೆ ಮಾತಾಡುತ್ತೇನೆ" ಎಂದ.

ಗುರುಗಳು ತಲೆಯಾಡಿಸಲಿಲ್ಲ. ಅವನ ಸೊಂಟದಲ್ಲಿ ತೂಗುತ್ತಿದ್ದ ಬೀಗದ ಕೈಯನ್ನು ನೋಡಿ ಕೇಳಿದರು:

"ಇವತ್ತು ಬೆಳಿಗ್ಗೆ ನೀರು ಸೇದಿಕೊಂಡ ಮೇಲೆ ಆ ಬಾಗಿಲಿಗೆ ಮತ್ತೆ ಬೀಗ ಹಾಕಿದವನು ಯಾರು, ಚೆನ್ನವೀರ?"