ಸೇವಂತಿಗೆ ಸಸಿಗೆ ರುಮಾಲಿನ ನೆರಳು

ಸಿದ್ರಾಮಗೌಡರನ್ನು ಬರಿತಲೆಯಲ್ಲಿ ಕಂಡವರು ಊರಿನಲ್ಲಿ ಯಾರೂ ಇರಲಿಲ್ಲ. ಬೆಳಿಗ್ಗೆ ಮೊದಲು ಬಿಳಿ ರುಮಾಲು, ಆಮೇಲೆ ಚಹಾ. ಹೆಂಡತಿ ತೀರಿಕೊಂಡ ಮೇಲೆ ಅವರ ಮಾತು ಇನ್ನೂ ಕಡಿಮೆಯಾಗಿತ್ತು. ಹೊಸದಾಗಿ ಬಂದ ಸೊಸೆ ಕಸ್ತೂರಿ ಅವರೆದುರು ನಿಲ್ಲಲೂ ಅಂಜುತ್ತಿದ್ದಳು.

ಬೇಸಿಗೆಯಲ್ಲಿ ಅವಳು ತವರಿನಿಂದ ಸೇವಂತಿಗೆ ಸಸಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಅಂಗಳದ ಮೂಲೆಯಲ್ಲಿ ನೆಟ್ಟಳು. ಮಾರನೆಯ ದಿನವೇ ಫೋನು ಬಂತು. ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದರು. ಗಂಡನೊಡನೆ ಹೊರಟ ಕಸ್ತೂರಿ ಬಾಗಿಲಲ್ಲಿ ತಡೆದು ನಿಂತಳು.

“ಮಾವಾರ, ಸಸಿ ಬೇರು ಹಿಡಿಯೋತನಕ ಒಂಚೂರು ನೋಡಕೋರಿ. ನಮ್ಮವ್ವ ಬೆಳಿಸಿದ್ದವು.”

“ಹೂಂ. ನಾ ನೋಡತೀನಿ, ನೀ ಹೋಗಿ ಬಾ,” ಎಂದರು ಗೌಡರು.

ಮಧ್ಯಾಹ್ನ ನೋಡಿದರೆ ಸಸಿಗಳೆಲ್ಲ ತಲೆ ಬಾಗಿಸಿದ್ದವು. ಗೌಡರು ಗಾಬರಿಯಿಂದ ಬಿಸಿಲಿಗೆ ಕಾದಿದ್ದ ಕೊಡದ ನೀರನ್ನೇ ತಂದು ಸುರಿದರು. ಸಂಜೆಗೆ ಮೂರು ಸಸಿ ಬೆಂದುಹೋಗಿದ್ದವು. ಆ ಹುಡುಗಿಗೆ ಏನು ಹೇಳಲಿ ಎಂದು ಅವರಿಗೆ ಊಟವೇ ಸೇರಲಿಲ್ಲ.

ಮರುದಿನ ಬಿಸಿಲೇರುವ ಮೊದಲೇ ಬುಡಕ್ಕೆ ತಣ್ಣೀರು ಹಾಕಿ, ಜೋಳದ ಒಣ ಎಲೆ ಹರಡಿದರು. ಆದರೆ ನೆರಳು? ಗೋಣಿಚೀಲ ಭಾರ, ಸಸಿಯ ಮೇಲೆ ಕುಸಿದೀತು. ಇದ್ದ ಇನ್ನೊಂದು ರುಮಾಲು ಒಗೆಯಲು ಹೋಗಿತ್ತು. ತೊಗರಿ ಕಟ್ಟಿಗೆಗಳನ್ನು ಸುತ್ತ ನೆಟ್ಟರು. ಕೈ ತಲೆಗೆ ಹೋಯಿತು. ಬೀದಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಮೆಲ್ಲಗೆ ರುಮಾಲು ಬಿಚ್ಚಿ ಚಪ್ಪರದಂತೆ ಕಟ್ಟಿದರು.

ಅಷ್ಟರಲ್ಲಿ ದಾಯಾದಿ ಚನ್ನಮಲ್ಲಪ್ಪ ಬೈಕಿನಲ್ಲಿ ಬಂದ. ಅವನ ಮಗಳ ಸಂಬಂಧದ ಮಾತುಕತೆಗೆ ಗೌಡರೇ ಹಿರಿಯರು.

“ಬೀಗರು ಬಂದು ಕುಂತಾರ, ಲಗೂ ನಡೀರಿ... ಅಯ್ಯ, ಇದೇನ್ರಿ! ಗಿಡಕ್ಕ ರುಮಾಲಾ? ತಗದು ಸುತಗೋರಿ. ಸಸಿ ಹೋದ್ರ ಬ್ಯಾರೆ ಸಿಗತಾವ.”

“ಸಿಗತಾವ ಖರೆ. ಆದರ ಅಕಿ ನನ್ನ ನಂಬಿ ಬಿಟ್ಟು ಹೋಗ್ಯಾಳ.”

“ಹಂಗಾರ ಬರೂದಿಲ್ಲೇನು?”

“ಹಿಂಗ ಬರತೀನಿ, ನಡಿ.”

ಗೌಡರು ಬರಿತಲೆಯಲ್ಲೇ ಹೋಗಿ ಬೀಗರ ನಡುವೆ ಕೂತರು. ಎಲ್ಲರ ಕಣ್ಣೂ ಅವರ ನೆತ್ತಿಯ ಮೇಲೆ. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಮಾತು ಮುಗಿಸಿ, ಸಂಬಂಧ ಕುದುರಿಸಿಯೇ ಎದ್ದರು.

ಹದಿನೈದು ದಿನದ ಮೇಲೆ ಕಸ್ತೂರಿ ಮರಳಿ ಬಂದಾಗ ರುಮಾಲು ಧೂಳು ಹಿಡಿದು ಕೆಂಪಾಗಿತ್ತು. ಅದರ ಕೆಳಗೆ ಸಸಿಗಳು ಹೊಸ ಚಿಗುರು ಬಿಟ್ಟಿದ್ದವು. ಗೌಡರು ತಪ್ಪಿತಸ್ಥರ ಹಾಗೆ ನಿಂತಿದ್ದರು.

“ಮೂರು ಹೋದವು ಯವ್ವಾ. ನನಗ ತಿಳೀಲಿಲ್ಲ, ನಡು ಮಧ್ಯಾಹ್ನ ಬಿಸಿನೀರು ಸುರದೆ.”

ಕಸ್ತೂರಿಗೆ ನಗು ಬಂತು, ಜೊತೆಗೆ ಕಣ್ಣೂ ತುಂಬಿತು. “ಇರ್ಲಿ ಬಿಡ್ರಿ ಮಾವಾರ. ಉಳಿದಾವಲ್ಲ, ಇಷ್ಟು!”

“ನಿಮ್ಮವ್ವ ಹೆಂಗದಾಳ? ಕೂಡು, ಹೇಳು.”

ಅವಳು ಕಟ್ಟೆಯ ಮೇಲೆ ಅವರ ಪಕ್ಕದಲ್ಲೇ ಕೂತು, ದೀಪ ಹಚ್ಚುವ ಹೊತ್ತಿನವರೆಗೂ ತವರಿನ ಸುದ್ದಿ ಹೇಳಿದಳು. ಗೌಡರು ನಡುನಡುವೆ ಕೇಳುತ್ತಿದ್ದರು, “ಆಮ್ಯಾಲೆ?”

ನೀತಿ: ಹೊಸ ಮಣ್ಣಿಗೆ ಬಂದ ಜೀವ ಬಾಡಿದರೆ ಅದು ಅದರ ತಪ್ಪಲ್ಲ. ಬೇರು ಹಿಡಿಯುವ ತನಕ ನೆರಳು ಕೊಡುವುದು ಮೊದಲಿನಿಂದ ಅಲ್ಲಿರುವವರ ಕೆಲಸ. ಅದಕ್ಕಾಗಿ ನಮ್ಮ ದೊಡ್ಡಸ್ತಿಕೆ ತುಸು ಬಿಡಬೇಕಾಗಿ ಬಂದರೂ ನಷ್ಟವಿಲ್ಲ.